ಒಂಬತ್ತು ಪರ್ಸೆಂಟ್ ಹನ್ನೆರಡಕ್ಕಿಂತ ದುಬಾರಿಯಾಗುವುದು ಹೇಗೆ? ಮೊದಲ ಸಾಲದ ಲೆಕ್ಕ

ನನ್ನ ತಮ್ಮ ನರಸಾಪುರದ ಕಾರ್ಖಾನೆಯೊಂದಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕಂಪನಿ ಬಸ್ಸು ಹಿಡಿಯೋಕೆ ಊರಿಂದ ಹೆದ್ದಾರಿವರೆಗೆ ಬೆಳಗಿನ ಜಾವ ನಡೆದು ಸಾಕಾಗಿ, ಬೈಕ್ ತಗೊಳ್ತೀನಿ ಅಂದ. ಸಾಲ ಬೇಕಿದ್ದುದು 80,000 ರೂಪಾಯಿ, ಮೂರು ವರ್ಷಕ್ಕೆ. ಒಂದು ಭಾನುವಾರ ಕೋಲಾರದಿಂದ ಎರಡು ಚೀಟಿ ತಂದು ನನ್ನ ಮುಂದಿಟ್ಟ. ಒಂದು ಅವನ ಸಂಬಳದ ಖಾತೆ ಇರುವ ಬ್ಯಾಂಕಿನದು, ಅದರಲ್ಲಿ ವರ್ಷಕ್ಕೆ 12 ಪರ್ಸೆಂಟ್ ಅಂತ ಬರೆದಿತ್ತು. ಇನ್ನೊಂದು ಶೋರೂಮಿನೊಳಗೇ ಮೇಜು ಹಾಕಿಕೊಂಡು ಕೂತಿದ್ದ ಫೈನಾನ್ಸಿನದು, ಅದರಲ್ಲಿ 9 ಪರ್ಸೆಂಟ್.

“ಅಕ್ಕಾ, ಇದರಲ್ಲಿ ಯೋಚನೆ ಮಾಡೋದೇನಿದೆ? ಒಂಬತ್ತೇ ಕಮ್ಮಿ ಅಲ್ವಾ?”

ಚೀಟಿಯ ಕೆಳಗಡೆ ತಿಂಗಳ ಕಂತು ಎಷ್ಟಿದೆ ನೋಡು ಅಂದೆ. 12 ಪರ್ಸೆಂಟ್ ಬ್ಯಾಂಕಿನ ಕಂತು 2,657 ರೂಪಾಯಿ. 9 ಪರ್ಸೆಂಟ್ ಫೈನಾನ್ಸಿನ ಕಂತು 2,822. ಸಾಲದ ಮೊತ್ತ ಅದೇ, ಅವಧಿಯೂ ಅದೇ. ತಮ್ಮ ಫೋನಿನ ಕ್ಯಾಲ್ಕುಲೇಟರ್ ತೆಗೆದು ಎರಡು ಸಲ ಗುಣಿಸಿದ, ಆಮೇಲೆ ಟೈಪ್ ಮಾಡುವಾಗ ತಪ್ಪಾಗಿರಬೇಕು ಅಂದ. ಯಾರದ್ದೂ ತಪ್ಪಾಗಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈಗ ಒಂದೊಂದು ಮನೆಯಲ್ಲೂ ಮೂರು ಥರದ ಸಾಲ ಓಡುತ್ತಿರುತ್ತದೆ. ಅಮ್ಮನಿಗೆ ಸಂಘದ ಸಾಲ, ಅಪ್ಪನಿಗೆ ಸೊಸೈಟಿಯ ಬೆಳೆ ಸಾಲ, ಮಗನಿಗೆ ಬೈಕಿನದೋ ಫೋನಿನದೋ ಇಎಂಐ. ಮೂವರೂ ‘ಬಡ್ಡಿ’ ಅಂತಲೇ ಹೇಳುತ್ತಾರೆ, ಆದರೆ ಮೂವರ ಬಡ್ಡಿಯ ಲೆಕ್ಕವೂ ಬೇರೆ. ಮೊದಲ ಸಲ ಸಾಲಕ್ಕೆ ಸಹಿ ಹಾಕುವವರಿಗಾಗಿ ಆ ಲೆಕ್ಕವನ್ನು ಇಲ್ಲಿ ಬಿಡಿಸಿಟ್ಟಿದ್ದೇನೆ.

ಬಡ್ಡಿ ಅಂದರೆ ದುಡ್ಡಿನ ಬಾಡಿಗೆ

ಮನೆಗೆ ಮೋಲ್ಡ್ ಹಾಕಿಸುವಾಗ ಸೆಂಟ್ರಿಂಗ್ ಶೀಟುಗಳನ್ನು ಬಾಡಿಗೆಗೆ ತರುತ್ತೀರಿ. 36 ಶೀಟು ತಂದಿರಿ, ತಿಂಗಳಿಗೊಂದರಂತೆ ವಾಪಸ್ ಕೊಡುತ್ತಾ ಬಂದಿರಿ ಅಂತಿಟ್ಟುಕೊಳ್ಳಿ. (ಮೂರು ವರ್ಷ ಯಾರೂ ಇಟ್ಟುಕೊಳ್ಳುವುದಿಲ್ಲ, ಇದು ಲೆಕ್ಕಕ್ಕೆ.) ನ್ಯಾಯವಾಗಿ ಮೊದಲ ತಿಂಗಳು 36 ಶೀಟಿಗೆ ಬಾಡಿಗೆ, ಎರಡನೇ ತಿಂಗಳು 35ಕ್ಕೆ, ಕೊನೇ ತಿಂಗಳು ಒಂದೇ ಒಂದಕ್ಕೆ. ಅಂಗಡಿಯವನು ‘ತಗೊಂಡು ಹೋಗುವಾಗ 36 ಇತ್ತಲ್ಲ, ಕೊನೇವರೆಗೂ 36ಕ್ಕೇ ಕೊಡಿ’ ಅಂದರೆ ನೀವು ಅಲ್ಲೇ ಜಗಳಕ್ಕೆ ನಿಲ್ಲುತ್ತೀರಿ.

ದುಡ್ಡಿನ ವಿಷಯದಲ್ಲಿ ಈ ಎರಡೂ ಪದ್ಧತಿ ಚಾಲ್ತಿಯಲ್ಲಿವೆ. ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ ಹಾಕುವುದನ್ನು ‘ರೆಡ್ಯೂಸಿಂಗ್ ಬ್ಯಾಲೆನ್ಸ್’ ಅನ್ನುತ್ತಾರೆ, ಇಳಿಯುವ ಬಾಕಿಯ ಲೆಕ್ಕ. ಬ್ಯಾಂಕುಗಳ ಸಾಲ ಸಾಮಾನ್ಯವಾಗಿ ಹೀಗೇ ಇರುತ್ತದೆ. ಮೊದಲ ದಿನದ ಅಸಲಿಗೇ ಕೊನೇವರೆಗೂ ಬಡ್ಡಿ ಹಾಕುವುದು ‘ಫ್ಲ್ಯಾಟ್ ರೇಟ್’. ವಾಹನ ಸಾಲ, ಫ್ರಿಜ್–ಟಿವಿ ಸಾಲದ ಮೇಜುಗಳಲ್ಲಿ ಬಾಯಲ್ಲಿ ಹೇಳುವ ದರ ಬಹಳ ಸಲ ಇದೇ.

ತಮ್ಮನ ಎರಡು ಚೀಟಿಗೆ ಬರೋಣ. ಫೈನಾನ್ಸಿನವರ ಲೆಕ್ಕ ಮೂರನೇ ತರಗತಿಯದು. 80,000ಕ್ಕೆ 9 ಪರ್ಸೆಂಟ್ ಅಂದರೆ ವರ್ಷಕ್ಕೆ 7,200. ಮೂರು ವರ್ಷಕ್ಕೆ 21,600. ಅಸಲಿಗೆ ಸೇರಿಸಿದರೆ 1,01,600. ಅದನ್ನು 36 ಕಂತಿಗೆ ಹಂಚಿದರೆ ತಿಂಗಳಿಗೆ 2,822. ಇದರಲ್ಲಿ ಸುಮಾರು 2,222 ಅಸಲು, 600 ಬಡ್ಡಿ, ಪ್ರತೀ ತಿಂಗಳೂ. ಈಗ ಕೊನೆಯ ತಿಂಗಳನ್ನು ನೋಡಿ. ಉಳಿದಿರುವ ಅಸಲು 2,222 ರೂಪಾಯಿ ಮಾತ್ರ, ಆದರೂ ಆ ತಿಂಗಳಿನ ಬಡ್ಡಿ 600. ಮೀಟರ್ ಬಡ್ಡಿಯವರೂ ತಲೆ ಬಾಗಿಸಬೇಕು.

ಬ್ಯಾಂಕಿನಲ್ಲಿ 12 ಪರ್ಸೆಂಟ್ ಅಂದರೆ ತಿಂಗಳಿಗೆ ಒಂದು ಪರ್ಸೆಂಟ್. ಮೊದಲ ತಿಂಗಳು 80,000ಕ್ಕೆ 800 ರೂಪಾಯಿ ಬಡ್ಡಿ. ಕಂತು 2,657ರಲ್ಲಿ 800 ಬಡ್ಡಿಗೆ ಹೋಗಿ 1,857 ಅಸಲಿಗೆ ಜಮಾ. ಎರಡನೇ ತಿಂಗಳು ಉಳಿದ 78,143ಕ್ಕೆ ಮಾತ್ರ ಬಡ್ಡಿ, ಅಂದರೆ 781. ಹದಿನೆಂಟು ಕಂತು ಕಟ್ಟುವ ಹೊತ್ತಿಗೆ ಬಾಕಿ 43,572ಕ್ಕೆ ಇಳಿದಿರುತ್ತದೆ, ಮುಂದಿನ ತಿಂಗಳ ಬಡ್ಡಿ 436. ಕೊನೆಯ ಕಂತಿನಲ್ಲಿ ಬಡ್ಡಿ ಬರೀ 26 ರೂಪಾಯಿ. ಮೂರು ವರ್ಷದ ಒಟ್ಟು ಬಡ್ಡಿ 15,657. ಫೈನಾನ್ಸಿನ ‘ಒಂಬತ್ತಕ್ಕೆ’ ಹೋಲಿಸಿದರೆ ಸುಮಾರು 5,900 ರೂಪಾಯಿ ಕಮ್ಮಿ.

ಆ ಒಂಬತ್ತನ್ನು ಬ್ಯಾಂಕಿನ ಭಾಷೆಗೆ ತಿರುಗಿಸಿದರೆ ಸುಮಾರು 16.25 ಪರ್ಸೆಂಟ್ ಆಗುತ್ತದೆ. ಎರಡರಿಂದ ಮೂರು ವರ್ಷದ ಕಂತಿನ ಸಾಲಕ್ಕೆ ಫ್ಲ್ಯಾಟ್ ದರವನ್ನು 1.8ರಿಂದ ಗುಣಿಸಿದರೆ ನಿಜವಾದ ದರದ ಹತ್ತಿರ ಬರುತ್ತೀರಿ. ಕಾಗದ–ಪೆನ್ನು ಇಲ್ಲದೆ ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಲೆಕ್ಕ ಅದು.

ಕಂತಿನ ಮೊದಲ ವರ್ಷದಲ್ಲಿ ‘ಇಷ್ಟು ಕಟ್ಟಿದರೂ ಅಸಲು ಕರಗ್ತಾನೇ ಇಲ್ಲ’ ಅಂತ ಅನ್ನಿಸುವುದೂ ಇದರಿಂದಲೇ. ಇಳಿಯುವ ಬಾಕಿಯಲ್ಲಿ ಶುರುವಿನ ಕಂತುಗಳಲ್ಲಿ ಬಡ್ಡಿಯ ಪಾಲು ಜಾಸ್ತಿ, ಹೋಗ್ತಾ ಹೋಗ್ತಾ ಅಸಲಿನ ಪಾಲು ಜಾಸ್ತಿ. ಕೈಲಿ ದುಡ್ಡು ಸೇರಿದಾಗ ಮೊದಲೇ ಒಂದಷ್ಟು ಅಸಲಿಗೆ ಕಟ್ಟಿದರೆ ಹೆಚ್ಚು ಲಾಭ ಆಗುವುದೂ ಆ ಶುರುವಿನ ದಿನಗಳಲ್ಲೇ.

ನಮ್ಮೂರಿನ ‘ರೂಪಾಯಿ’ ಲೆಕ್ಕ

ಊರಲ್ಲಿ ಯಾರೂ ಪರ್ಸೆಂಟ್ ಅನ್ನುವುದಿಲ್ಲ. ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಅನ್ನುತ್ತಾರೆ. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಅಂತ ಅರ್ಥ. ಕೇಳೋಕೆ ಪುಡಿಗಾಸು. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 24 ಪರ್ಸೆಂಟ್. ಮೂರು ರೂಪಾಯಿ ಅಂದರೆ 36, ಐದು ಅಂದರೆ 60, ಹತ್ತು ಅಂದರೆ 120. ಬ್ಯಾಂಕಿನ ‘ಹನ್ನೆರಡು’ ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿ ಬಡ್ಡಿ. ಇಷ್ಟು ಗೊತ್ತಿದ್ದರೆ ಅಪ್ಪನಿಗೂ ಮಗನಿಗೂ ಒಂದೇ ಭಾಷೆಯಲ್ಲಿ ಮಾತಾಡಲು ಸಾಧ್ಯ. ನಮ್ಮನೆಯಲ್ಲಿ ಅದಕ್ಕೇ ಅರ್ಧ ಗಂಟೆ ಹಿಡಿಯಿತು.

ಕೈಸಾಲದಲ್ಲಿ ಇನ್ನೊಂದು ವಿಷಯ ಇದೆ. ತಿಂಗಳು ತಿಂಗಳು ಕಟ್ಟುವುದು ಬಡ್ಡಿ ಮಾತ್ರ, ಅಸಲು ಹಾಗೇ ಕೂತಿರುತ್ತದೆ. 50,000ಕ್ಕೆ ಎರಡು ರೂಪಾಯಿಯಂತೆ ತಿಂಗಳಿಗೆ 1,000 ಕಟ್ಟಿ ಐದು ವರ್ಷ ಆದರೆ 60,000 ಕಟ್ಟಿದ ಹಾಗಾಯಿತು, 50,000 ಸಾಲ ಇನ್ನೂ 50,000 ಸಾಲವೇ. ಪ್ರೋನೋಟಿಗೆ ಸಹಿ ಹಾಕುವಾಗ ಮೊತ್ತ, ತಾರೀಖಿನ ಜಾಗ ಖಾಲಿ ಬಿಡುವುದು ಇವತ್ತಿಗೂ ನಿಂತಿಲ್ಲ. ಸಾಲ ಕೊಡುವುದನ್ನೇ ಕಸುಬು ಮಾಡಿಕೊಂಡವರಿಗೆ ಕರ್ನಾಟಕದಲ್ಲಿ 1961ರ ಲೇವಾದೇವಿಗಾರರ ಕಾಯ್ದೆಯಡಿ ಪರವಾನಗಿ ಇರಬೇಕು. ವಿಪರೀತ ಬಡ್ಡಿ ವಿಧಿಸುವುದನ್ನು ತಡೆಯಲು 2004ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ.

ಮಾರುಕಟ್ಟೆಗಳ ಸುತ್ತ, ತರಕಾರಿ ಗಾಡಿಯವರ ನಡುವೆ ಓಡುವ ನೂರು ದಿನದ ಸಾಲ ಇದಕ್ಕಿಂತ ಚೂಪು. 10,000 ರೂಪಾಯಿ ಸಾಲ ಅಂತ ಹೇಳಿ ಬಡ್ಡಿ ಮುರಿದುಕೊಂಡು 9,000 ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ‘ಸಾವಿರ ರೂಪಾಯಿ ತಾನೇ’ ಅನ್ನಿಸುತ್ತದೆ. ಆದರೆ ಆ 9,000 ನಿಮ್ಮ ಹತ್ತಿರ ಪೂರ್ತಿಯಾಗಿ ಇರುವುದು ಒಂದೇ ದಿನ. ಮರುದಿನದಿಂದ ಕರಗುತ್ತಾ ಹೋಗುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ 75 ಪರ್ಸೆಂಟಿಗೂ ಮೇಲೆ.

ಕೈಗೆ ಬಂದದ್ದೆಷ್ಟು?

ಬಡ್ಡಿ ಮುರಿದುಕೊಳ್ಳುವುದು ಬೀದಿ ಸಾಲಕ್ಕೆ ಮಾತ್ರ ಸೇರಿದ್ದಲ್ಲ. ಎಸಿ ಕೋಣೆಯಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ: ಪ್ರೊಸೆಸಿಂಗ್ ಫೀ, ಡಾಕ್ಯುಮೆಂಟ್ ಚಾರ್ಜು, ಸಾಲದ ವಿಮೆ, ಇವುಗಳ ಮೇಲೆ ಜಿಎಸ್‌ಟಿ. ತಮ್ಮನ ಫೈನಾನ್ಸ್ ಚೀಟಿಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದಿದ್ದ ಎರಡು ಸಾಲು ನೋಡಿದೆ. ಫೈಲ್ ಚಾರ್ಜು 1,600, ವಿಮೆ 1,400. ಒಟ್ಟು 3,000 ಮೊದಲೇ ಹಿಡಿಯುತ್ತಾರೆ, ಬೈಕಿಗೆ ಹೋಗುವುದು 77,000. ಬಡ್ಡಿ ಮಾತ್ರ 80,000ಕ್ಕೆ. ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ‘ಒಂಬತ್ತು’ ವರ್ಷಕ್ಕೆ 19 ಪರ್ಸೆಂಟ್ ಆಗಿ ಕೂರುತ್ತದೆ.

ಹೀಗೆ ಎಲ್ಲ ಖರ್ಚೂ ಸೇರಿಸಿದ ನಿಜವಾದ ವಾರ್ಷಿಕ ದರಕ್ಕೆ ‘ಎಪಿಆರ್’ ಅನ್ನುತ್ತಾರೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ದಿಮೆಗಳ ಸಾಲಗಳಿಗೂ ಒಂದು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು ಅಂತ ಆರ್‌ಬಿಐ ಕಡ್ಡಾಯ ಮಾಡಿದೆ. ಸಾಲದ ಮುಖ್ಯ ವಿಷಯಗಳನ್ನೆಲ್ಲ ಒಟ್ಟಿಗೆ ಹೇಳುವ ಕಾಗದ ಅದು. ಅದರಲ್ಲಿ ಎಪಿಆರ್, ಕಂತುಗಳ ಪಟ್ಟಿ, ಎಲ್ಲ ಶುಲ್ಕಗಳು, ದೂರು ಕೊಡಬೇಕಾದವರ ವಿವರ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಅಂದರೆ ಕನ್ನಡದಲ್ಲಿ ಕೊಡಿ ಅಂತ ಕೇಳಬಹುದು. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಸಾಲ ಕೊಡುವವರೇ ವಸೂಲು ಮಾಡಿ ವಿಮಾ ಕಂಪನಿಗೆ ಕೊಡುವ ಹಣವೂ ಎಪಿಆರ್ ಲೆಕ್ಕದೊಳಗೆ ಬರಬೇಕು. ಈ ಕಾಗದಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ವಾಯಿದೆ ಇರುತ್ತದೆ. ಅಂದರೆ ಮನೆಗೆ ತಂದು, ಓದಿ, ನಾಲ್ಕು ಜನರನ್ನು ಕೇಳಿ ಆಮೇಲೆ ಸಹಿ ಹಾಕಬಹುದು. ‘ಈ ಆಫರ್ ಇವತ್ತು ಸಂಜೆವರೆಗೆ ಮಾತ್ರ’ ಅನ್ನುವ ಅವಸರ ಸಾಲದ ಕಾಗದಕ್ಕೆ ಇಲ್ಲ.

ತಮ್ಮ ಮರುದಿನ ಹೋಗಿ ಆ ಕಾಗದ ಕೇಳಿದ. ಮೇಜಿನ ಹುಡುಗ ‘ಲೋನ್ ಆದ್ಮೇಲೆ ಮೆಸೇಜ್ ಬರುತ್ತೆ ಬ್ರೋ’ ಅಂದನಂತೆ. ಸಹಿ ಹಾಕಿದ ಮೇಲೆ ಬರುವ ಕಾಗದದಿಂದ ಏನು ಪ್ರಯೋಜನ ಅಂತ ಇವನು ಎದ್ದು ಬಂದ. ಕೊನೆಗೆ ಬೈಕ್ ಬಂದದ್ದು ಬ್ಯಾಂಕಿನ ಸಾಲದಲ್ಲಿ, ಎರಡು ವಾರ ತಡವಾಗಿ.

ಒಡವೆ ಸಾಲದಲ್ಲೂ ಕೈಗೆ ಬರುವ ಮೊತ್ತದ ಬಗ್ಗೆ ಗೊಂದಲ ಸಾಮಾನ್ಯ. ಒಡವೆಯ ಕಲ್ಲು, ಮಣಿ ಕಳೆದು ಚಿನ್ನದ ನಿವ್ವಳ ತೂಕಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ, ಮಜೂರಿ ಲೆಕ್ಕಕ್ಕಿಲ್ಲ. ಆರ್‌ಬಿಐನ 2025ರ ನಿಯಮಗಳ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಆ ಬೆಲೆಯ 85 ಪರ್ಸೆಂಟ್‌ವರೆಗೆ, ಅಲ್ಲಿಂದ ಐದು ಲಕ್ಷದವರೆಗೆ 80, ಅದಕ್ಕೂ ಮೇಲೆ 75 ಪರ್ಸೆಂಟ್‌ವರೆಗೆ ಸಾಲ ಕೊಡಬಹುದು. ಇವನ್ನು ಪಾಲಿಸಲು ಕೊಟ್ಟ ಗಡುವು 2026ರ ಏಪ್ರಿಲ್ 1.

ಅಮ್ಮನ ಸಂಘದ ಸಾಲ

‘ಸಂಘ’ ಅನ್ನುವ ಒಂದೇ ಪದದಡಿ ನಮ್ಮಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ.

ಒಂದು ಸ್ವಸಹಾಯ ಸಂಘ. ಹತ್ತು–ಹದಿನೈದು ಹೆಂಗಸರು ವಾರ ವಾರ ಇಷ್ಟಿಷ್ಟು ಅಂತ ಉಳಿಸಿ, ಆ ದುಡ್ಡನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಂಡು, ಪುಸ್ತಕ ಬರೆದು, ಆಮೇಲೆ ಸಂಘದ ಹೆಸರಲ್ಲಿ ಬ್ಯಾಂಕಿನಿಂದ ಸಾಲ ತರುವುದು. ಇಲ್ಲಿ ಬಡ್ಡಿಯಲ್ಲಿ ಒಂದು ಪಾಲು ಸಂಘಕ್ಕೇ ವಾಪಸ್ ಬರುತ್ತದೆ. ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಕಟ್ಟಿತು. ನಬಾರ್ಡ್ 1992ರಲ್ಲಿ ಇವನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಶುರು ಮಾಡಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಬಂದದ್ದು 2000ದಲ್ಲಿ.

ಇನ್ನೊಂದು ಮೈಕ್ರೋಫೈನಾನ್ಸಿನ ಗುಂಪು. ಇಲ್ಲಿ ಉಳಿತಾಯ ಇಲ್ಲ, ನೇರವಾಗಿ ಸಾಲ. ಅಡ ಇಡೋಕೆ ಒಡವೆ, ಜಮೀನು ಇಲ್ಲದವರಿಗೆ ಸಾಲ ಕೊಡುವಾಗ ಕೊಟ್ಟವರಿಗೆ ಯಾವ ಧೈರ್ಯ? ಗುಂಪಿನ ಉಳಿದವರ ಮಾತೇ ಅಡಮಾನ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಹಾಕಿ ಕಟ್ಟಬೇಕು, ಇಲ್ಲವೇ ಅವಳ ಮನೆ ಮುಂದೆ ಹೋಗಿ ಕೂರಬೇಕು. ಮಂಗಳವಾರ ಬೆಳಗ್ಗೆ ನಮ್ಮ ಬೀದಿಯಲ್ಲಿ ಜಗುಲಿ ಮೇಲೆ ಚಾಪೆ ಹಾಸಿ ಮೀಟಿಂಗ್. ಕಂತಿನ ಕಾರ್ಡು, ಪ್ಲಾಸ್ಟಿಕ್ ಕವರಿನೊಳಗೆ ಮಡಚಿದ ನೋಟುಗಳು, ಮೊಪೆಡ್ ಮೇಲೆ ಬರುವ ಹುಡುಗನ ಟ್ಯಾಬು. ಯಾರಾದರೂ ಬರುವುದು ತಡವಾದರೆ ಎಲ್ಲರ ಕಣ್ಣೂ ಬೀದಿಯ ತಿರುವಿನ ಕಡೆ. ಅಮ್ಮ ಎರಡು ಸಲ ಇನ್ನೊಬ್ಬರ ಕಂತು ಕಟ್ಟಿದ್ದಾಳೆ. ಒಂದು ಸಲದ್ದು ವಾಪಸ್ ಬಂತು.

ಈ ಪದ್ಧತಿ ಎಲ್ಲಿ ಕುಸಿಯುತ್ತದೆ ಅನ್ನುವುದಕ್ಕೆ ಉದಾಹರಣೆ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಿಲ್ಲ. 2009ರಲ್ಲಿ ಕೋಲಾರ ಪಟ್ಟಣದಲ್ಲೇ ಹಾಗಾಯಿತು. ಒಂದೇ ಮನೆಗೆ ಹಲವು ಸಂಸ್ಥೆಗಳು ಸಾಲ ಕೊಟ್ಟಿದ್ದವು, ರೇಷ್ಮೆ ಕಸುಬಿಗೆ ಪೆಟ್ಟು ಬಿದ್ದಿತ್ತು, ಸ್ಥಳೀಯ ಸಮಿತಿಯೊಂದು ಸಾಲ ಕಟ್ಟಬೇಡಿ ಅಂತ ಕರೆ ಕೊಟ್ಟು ವಸೂಲಿ ನಿಂತೇಹೋಯಿತು. ಯಾರ ಮನೆಗೆ ಎಷ್ಟು ಸಂಸ್ಥೆಗಳ ಸಾಲ ಇದೆ ಅಂತ ಒಬ್ಬರಿಗೊಬ್ಬರು ಗೊತ್ತಾಗುವ ದಾರಿಯೇ ಆಗ ಸರಿಯಾಗಿರಲಿಲ್ಲ. ಸಂಘದ ಸಾಲದ ವಿವರವೂ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳಿಗೆ ಹೋಗತೊಡಗಿದ್ದು ಅದರ ನಂತರದ ವರ್ಷಗಳಲ್ಲಿ.

ಈಗಿರುವ ಆರ್‌ಬಿಐ ನಿಯಮಗಳು 2022ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ವರ್ಷದ ಆದಾಯ 3 ಲಕ್ಷದೊಳಗಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಇಲ್ಲಿ ‘ಕುಟುಂಬ’ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ತಮ್ಮನ ಬೈಕಿನ ಕಂತು ಅಮ್ಮನ ಸಂಘದ ಲೆಕ್ಕಕ್ಕೂ ಬರುತ್ತದೆ. ನಮ್ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಬಡ್ಡಿಗೆ ಮೊದಲಿದ್ದ ಗರಿಷ್ಠ ಮಿತಿಯನ್ನು ಈ ನಿಯಮಗಳು ತೆಗೆದುಹಾಕಿವೆ, ದರವನ್ನು ಸಂಸ್ಥೆಯೇ ನಿಗದಿ ಮಾಡುತ್ತದೆ. ಆದ್ದರಿಂದ ಎರಡು ಸಂಸ್ಥೆಗಳ ದರ ಕೇಳಿ ಹೋಲಿಸುವುದು ವ್ಯರ್ಥ ಕೆಲಸ ಅಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ. ತಡವಾದರೆ, ತಡವಾದ ಕಂತಿನ ಮೊತ್ತಕ್ಕಷ್ಟೇ ದಂಡ ಹಾಕಬಹುದು, ಇಡೀ ಸಾಲಕ್ಕಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವುದು, ಬೈಯುವುದು, ನೆಂಟರಿಷ್ಟರ ಮುಂದೆ ಮರ್ಯಾದೆ ತೆಗೆಯುವುದು ನಿಷಿದ್ಧ.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಇದೇ ವಿಷಯಕ್ಕೆ ಸುಗ್ರೀವಾಜ್ಞೆ ತಂದಾಗ ಊರೂರಲ್ಲಿ ‘ಸಂಘದ ಸಾಲ ಮನ್ನಾ’ ಅಂತ ಸುದ್ದಿ ಹಬ್ಬಿತು. ಅದರ ಉದ್ದೇಶ ಕಿರುಕುಳದ ವಸೂಲಿಯನ್ನು ತಡೆಯುವುದು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅದರಲ್ಲಿದೆ. ನೋಂದಣಿ, ಪರವಾನಗಿ ಇಲ್ಲದವರು ಕೊಟ್ಟ ಸಾಲದ ಬಗ್ಗೆ ಹೇಳಿದ್ದನ್ನು ಜನ ಎಲ್ಲ ಸಾಲಕ್ಕೂ ಅಂತ ಓದಿಕೊಂಡರು. ಆರ್‌ಬಿಐನಲ್ಲಿ ನೋಂದಾದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ಇದರಿಂದ ಮನ್ನಾ ಆಗುವುದಿಲ್ಲ.

ಕಂತು ಯಾವ ದಿನ ಬರುತ್ತದೆ, ದುಡ್ಡು ಯಾವ ದಿನ?

ಇದು ದರಕ್ಕಿಂತ ದೊಡ್ಡ ಪ್ರಶ್ನೆ ಅಂತ ನನಗನ್ನಿಸುತ್ತದೆ. ಕಾರ್ಖಾನೆಯ ಸಂಬಳ ತಿಂಗಳ ಮೊದಲ ವಾರ ಬರುತ್ತದೆ, ಇಎಂಐ ಐದನೇ ತಾರೀಖಿಗೆ ಇಟ್ಟರೆ ಸರಿ. ಹಾಲಿನ ಡೇರಿಯ ಬಟವಾಡೆ ನಮ್ಮೂರಲ್ಲಿ ಹದಿನೈದು ದಿನಕ್ಕೊಮ್ಮೆ, ಸಂಘದ ಕಂತು ವಾರ ವಾರ. ನಡುವಿನ ವಾರದ ಕಂತು ಎಲ್ಲಿಂದ? ರೇಷ್ಮೆ ಹುಳ ಮೇಯಿಸುವವರಿಗೆ ದುಡ್ಡು ಬರುವುದು ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದ ದಿನ, ಅದೂ ಹುಳಕ್ಕೆ ರೋಗ ಬರದಿದ್ದರೆ. ಟೊಮೆಟೊ ಹಾಕಿದವರ ಪಾಡು ಕೋಲಾರದ ಮಂಡಿಯ ಆ ದಿನದ ಹರಾಜಿಗೆ ಬಿಟ್ಟದ್ದು. ಹೀಗೆ ಬರುವ ದುಡ್ಡಿಗೆ ತಿಂಗಳ ಕಂತಿನ ಸಾಲ ಹೊಂದುವುದಿಲ್ಲ. ಬೆಳೆ ಸಾಲ ವರ್ಷಕ್ಕೊಮ್ಮೆ ಕಟ್ಟುವಂತೆ ಇರುವುದಕ್ಕೆ ಕಾರಣ ಇದೇ.

ಅಪ್ಪನ ಬೆಳೆ ಸಾಲ ಸೊಸೈಟಿಯದು, ಅಂದರೆ ವಿಎಸ್‌ಎಸ್‌ಎನ್ (ವ್ಯವಸಾಯ ಸೇವಾ ಸಹಕಾರ ಸಂಘ). ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲ ಸೊನ್ನೆ ಬಡ್ಡಿಗೆ ಸಿಗುತ್ತದೆ. ಇದರ ಮಿತಿಯನ್ನು 2023–24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಬಡ್ಡಿ ಮಾಯವಾಗಿಲ್ಲ, ರೈತನ ಪರವಾಗಿ ಸರ್ಕಾರ ಕಟ್ಟುತ್ತದೆ. ಷರತ್ತು ಒಂದೇ, ಗಡುವಿನೊಳಗೆ ತೀರಿಸಬೇಕು. ದಿನ ದಾಟಿದರೆ ಸೊನ್ನೆಯೂ ಹೋಯಿತು, ಬಡ್ಡಿ ಬಿತ್ತು. ಬ್ಯಾಂಕುಗಳ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲೂ ಹೀಗೇ: 3 ಲಕ್ಷದವರೆಗೆ 7 ಪರ್ಸೆಂಟ್, ಸಮಯಕ್ಕೆ ಕಟ್ಟಿದರೆ 3 ಪರ್ಸೆಂಟ್ ಕಡಿತವಾಗಿ 4.

ಗಡುವಿನ ವಾರ ನಮ್ಮ ಕಡೆ ನಡೆಯುವ ಒಂದು ಸಂಗತಿ ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ಅಪ್ಪ ಮಂಡಿಯ ಪರಿಚಯದವರಿಂದ ಎರಡು ದಿನಕ್ಕೆ ಅಂತ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಮತ್ತೆ ಅಷ್ಟೇ ಸಾಲ ಮಂಜೂರಾದ ಕೂಡಲೇ ಅದನ್ನು ವಾಪಸ್ ಕೊಡುತ್ತಾನೆ. ‘ತಿರುವಿ ಹಾಕೋದು’ ಅಂತ ಅದಕ್ಕೆ ಹೆಸರು. ಕಾಗದದ ಮೇಲೆ ಸಾಲ ತೀರಿತು, ಹೊಸ ಸಾಲ ಹುಟ್ಟಿತು. ಒಂದು ವರ್ಷ ಹೊಸ ಸಾಲ ಮಂಜೂರಾಗೋಕೆ ಎರಡು ದಿನದ ಬದಲು ಒಂದು ತಿಂಗಳು ಹಿಡಿಯಿತು. ಸೊನ್ನೆ ಬಡ್ಡಿ ಉಳಿಸಿಕೊಳ್ಳಲು ಹೋಗಿ ಆ ತಿಂಗಳು ಮೂರು ರೂಪಾಯಿ ಬಡ್ಡಿ ಕಟ್ಟಿದೆವು.

ಸಿಬಿಲ್ ಅಂದರೇನು?

ಊರಿನ ಅಂಗಡಿಯಲ್ಲಿ ಸಾಲದ ಪುಸ್ತಕ ಇರುತ್ತದಲ್ಲ, ಯಾರು ತಿಂಗಳ ಕೊನೆಗೆ ಸರಿಯಾಗಿ ಕೊಡುತ್ತಾರೆ, ಯಾರು ಅಂಗಡಿ ಕಡೆ ತಲೆ ಹಾಕದೆ ಸುತ್ತು ಬಳಸಿ ಹೋಗುತ್ತಾರೆ ಅಂತ ಅಂಗಡಿಯವನಿಗೆ ಗೊತ್ತು. ಎಲ್ಲ ಅಂಗಡಿಯವರೂ ತಮ್ಮ ಪುಸ್ತಕವನ್ನು ಒಂದೇ ಕಡೆ ತಂದಿಟ್ಟರೆ ಹೇಗಿರುತ್ತದೋ ಹಾಗೆ ಕ್ರೆಡಿಟ್ ಬ್ಯೂರೋ. ಸಿಬಿಲ್ ಅನ್ನುವುದು ಅಂಥ ಒಂದು ಕಂಪನಿಯ ಹೆಸರು, 2000ದಲ್ಲಿ ಶುರುವಾದದ್ದು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ಇನ್ನೂ ಮೂರಿವೆ. ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ, ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ.

ಅಂಕ 300ರಿಂದ 900ರವರೆಗೆ. ಕಂತು ತಪ್ಪಿದ್ದು, ಒಂದೇ ಸಲ ಹಲವು ಕಡೆ ಸಾಲಕ್ಕೆ ಅರ್ಜಿ ಹಾಕಿದ್ದು, ಕ್ರೆಡಿಟ್ ಕಾರ್ಡಿನ ಮಿತಿಯನ್ನು ಪೂರ್ತಿ ಬಳಸಿದ್ದು ಅಂಕವನ್ನು ಇಳಿಸುತ್ತವೆ. 90 ದಿನ ದಾಟಿದ ಸುಸ್ತಿ ‘ಎನ್‌ಪಿಎ’, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. 2025ರ ಜನವರಿಯಿಂದ ಈ ಮಾಹಿತಿ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಬ್ಯೂರೋಗಳಿಗೆ ಹೋಗುತ್ತದೆ. ಇದುವರೆಗೆ ಸಾಲವೇ ಮಾಡದವರಿಗೆ ಅಂಕ ಇರುವುದಿಲ್ಲ, ಕೆಲವು ಕಡೆ -1 ಅಂತ ತೋರಿಸುತ್ತದೆ. ಅದನ್ನು ನೋಡಿ ತಮ್ಮ ಹೆದರಿಬಿಟ್ಟಿದ್ದ. ಅದು ಕೆಟ್ಟ ಅಂಕ ಅಲ್ಲ, ಪುಟ ಖಾಲಿ ಇದೆ ಅಂತ ಅಷ್ಟೇ. ಮೊದಲ ಸಲ ಸಾಲ ಕೇಳುವವರಿಗೆ ಹಳೆಯ ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇಲ್ಲ ಅನ್ನಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ.

ನಮ್ಮ ಬೀದಿಯವರೊಬ್ಬರಿಗೆ ಮನೆ ಸಾಲ ನಿಂತುಹೋದದ್ದು ಒಂದು ಮೊಬೈಲಿನಿಂದ. ಕೊನೆಯ ಕಂತು ಕಟ್ಟಿಲ್ಲ ಅನ್ನುವುದೇ ಅವರಿಗೆ ನೆನಪಿರಲಿಲ್ಲ. ಸಾವಿರ ರೂಪಾಯಿಗೂ ಕಮ್ಮಿ ಇದ್ದ ಬಾಕಿ ನಾಲ್ಕು ವರ್ಷ ಪುಸ್ತಕದಲ್ಲಿ ಕೂತಿತ್ತು. ಕಟ್ಟಲು ಹೋದಾಗ ‘ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ’ ಅಂದರಂತೆ. ಇಲ್ಲಿ ಎಚ್ಚರ ಬೇಕು. ದಾಖಲೆಯಲ್ಲಿ ‘ಸೆಟಲ್ಡ್’ ಅಂತ ಬಂದರೆ ಪೂರ್ತಿ ಕಟ್ಟಲಿಲ್ಲ ಅಂತಲೇ ಮುಂದಿನ ಬ್ಯಾಂಕು ಓದುತ್ತದೆ. ‘ಕ್ಲೋಸ್ಡ್’ ಅಂತ ಬರಬೇಕು. ಪ್ರತಿ ಬ್ಯೂರೋದಿಂದ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಪುಕ್ಕಟೆ ಪಡೆಯಬಹುದು. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅನ್ನುವ ನಿಯಮ ಇದೆ.

ಜಾಮೀನು: ‘ಬರೀ ಒಂದು ಸಹಿ ಕಣೋ’

ಸರ್ಕಾರಿ ಕೆಲಸದಲ್ಲಿರುವವರನ್ನು ಊರಿನವರು ಮೊದಲು ಹುಡುಕುವುದು ಇದಕ್ಕೇ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನ ಮನೆಗೆ ಹೋಗಿ, ಸಿಗದಿದ್ದರೆ ನನ್ನ ಹತ್ತಿರ ಬನ್ನಿ ಅಂತ ಹೇಳುವ ಹಾಗಿಲ್ಲ. ಅವನು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಕೂಡ ಕೆಡುತ್ತದೆ, ನಾಳೆ ನೀವು ಸಾಲ ಕೇಳಿದಾಗ ಅದು ನಿಮ್ಮ ಹೊರೆಯಾಗಿಯೇ ಕಾಣುತ್ತದೆ. ಸಹಿ ಹಾಕುವುದಾದರೆ ಆ ಸಾಲವನ್ನು ನೀವೇ ಕಟ್ಟಬಲ್ಲಿರಾ ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ಸಹಿ ಹಾಕಿ.

ಸಾಲ ತೀರಿದ ಮೇಲಿನ ಕೆಲಸ

ಕೊನೆಯ ಕಂತು ಕಟ್ಟಿದ ದಿನ ಸಾಲ ಮುಗಿಯುವುದಿಲ್ಲ, ಕಾಗದ ಮುಗಿದಾಗ ಮುಗಿಯುತ್ತದೆ. ಬೇಬಾಕಿ ಪತ್ರ ತಗೊಳ್ಳಬೇಕು. ಬೈಕಾದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇರುತ್ತದೆ. ಅವರಿಂದ ಎನ್‌ಒಸಿ ಮತ್ತು 35ನೇ ನಮೂನೆ ತಂದು ಆರ್‌ಟಿಒದಲ್ಲಿ ತೆಗೆಸಬೇಕು, ಇಲ್ಲದಿದ್ದರೆ ಮಾರುವಾಗ ತೊಂದರೆ. ಮನೆ, ಜಮೀನಿನ ಮೂಲ ಪತ್ರಗಳನ್ನು ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಇರುವ ನಿಯಮ. ಜಮೀನಿನ ಮೇಲಿನ ಸಾಲ ಪಹಣಿಯ 11ನೇ ಕಾಲಂನಲ್ಲಿ ಋಣ ಅಂತ ಕೂತಿರುತ್ತದೆ, ಅದನ್ನೂ ತೆಗೆಸಬೇಕು. ಈ ಕೆಲಸ ಮುಂದೂಡಬಾರದು, ಯಾಕೆಂದರೆ ಬ್ಯಾಂಕುಗಳ ಹೆಸರು, ಶಾಖೆ ಬದಲಾಗುತ್ತಿರುತ್ತವೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು.

ನಮ್ಮ ತಾತ ಬಾವಿಗೆ ಪಂಪ್‌ಸೆಟ್ ಹಾಕಿಸಲು ಸಾಲ ಮಾಡಿದ್ದರು. ತೀರಿಸಿಯೂ ಇದ್ದರು, ತೀರಿಸಿದ ದಿನ ಪೇಟೆಯಿಂದ ಮಿಠಾಯಿ ತಂದದ್ದು ಅತ್ತೆಗೆ ಇವತ್ತಿಗೂ ನೆನಪಿದೆ. ಆ ಬಾವಿ ಬತ್ತಿ ಎಷ್ಟೋ ಕಾಲವಾಯಿತು. ಹೋದ ವರ್ಷ ವಿಭಾಗಕ್ಕೆ ಅಂತ ಪಹಣಿ ತೆಗೆಸಿದಾಗ 11ನೇ ಕಾಲಂನಲ್ಲಿ ತಾತನ ಹೆಸರೂ ಸಾಲದ ಮೊತ್ತವೂ ಹಾಗೇ ಇದ್ದವು, 4,200 ರೂಪಾಯಿ. ಅತ್ತೆ ಟ್ರಂಕಿನ ತಳದಲ್ಲಿ ಪಂಚಾಂಗಗಳ ನಡುವೆ ಮೂರು ದಿನ ಹುಡುಕಿ, ಮಾಸಿದ ನೀಲಿ ಮೊಹರಿನ ಒಂದು ರಸೀದಿ ತಂದುಕೊಟ್ಟರು. ಅದನ್ನು ಹಿಡಿದುಕೊಂಡು ಅಪ್ಪ ಈಗ ನಾಡಕಚೇರಿಗೂ ಬ್ಯಾಂಕಿಗೂ ಓಡಾಡುತ್ತಿದ್ದಾನೆ, ತಮ್ಮನ ಬೈಕಿನಲ್ಲಿ.